ಮೇಲಿನ ಕಂಪ್ಯೂಟರ್‌ಗೆ ಇಂಟರ್ನೆಟ್ ಇದೆ, ಕೆಳಗಿನದಕ್ಕಿಲ್ಲ: ಎಲ್ಲಿಂದ ಹುಡುಕುವುದು?

ಮನೆಗೆ ಬರುವ ಇಂಟರ್ನೆಟ್ ಒಂದೇ, ಕಂಪ್ಯೂಟರ್‌ಗಳು ಎರಡೋ ಮೂರೋ. ಫೈಬರ್ ಬಂದಿರುವ ಊರುಗಳಲ್ಲಿ ಈ ಹಂಚಿಕೆಯನ್ನೆಲ್ಲ ರೌಟರ್ ನೋಡಿಕೊಳ್ಳುತ್ತದೆ, ನಾವು ಅದರ ಗೋಜಿಗೇ ಹೋಗುವುದಿಲ್ಲ. ಮಲೆನಾಡಿನ ಒಂಟಿ ಮನೆಗಳ ಕತೆ ಬೇರೆ. ಸಿಗ್ನಲ್ ಸಿಗುವುದೇ ಉಪ್ಪರಿಗೆಯ ಯಾವುದೋ ಒಂದು ಕಿಟಕಿಯಲ್ಲಿ. ಫೋನನ್ನು ಆ ಕಿಟಕಿಯಲ್ಲಿಟ್ಟು, ಯುಎಸ್‌ಬಿ ಕೇಬಲ್‌ನಿಂದ ಪಕ್ಕದ ಕಂಪ್ಯೂಟರ್‌ಗೆ ಸೇರಿಸಿ, ಅಲ್ಲಿಂದ ಲ್ಯಾನ್ ಕೇಬಲ್ ಎಳೆದು ಕೆಳಗಿನ ಕೋಣೆಯ ಕಂಪ್ಯೂಟರ್‌ಗೆ ಇಂಟರ್ನೆಟ್ ಕೊಡುವ ಏರ್ಪಾಡು ಈಗಲೂ ಹಲವು ಕಡೆ ನಡೆಯುತ್ತಿದೆ. ಯುಎಸ್‌ಬಿ ಕೇಬಲನ್ನು ಐದು ಮೀಟರ್‌ಗಿಂತ ಉದ್ದ ಎಳೆಯುವಂತಿಲ್ಲ; ಲ್ಯಾನ್ ಕೇಬಲ್ ನೂರು ಮೀಟರ್‌ವರೆಗೆ ಹೋಗುತ್ತದೆ. ಹಾಗಾಗಿ ಇದು ಬಡ ಏರ್ಪಾಡಾದರೂ ಪೆದ್ದು ಏರ್ಪಾಡೇನಲ್ಲ.

ಆದರೆ ಕೆಡುವುದು ಜಾಸ್ತಿ. ಕೆಟ್ಟಾಗ ಎಲ್ಲರೂ ಮೊದಲು ಮಾಡುವುದು ಎಲ್ಲವನ್ನೂ ಆಫ್ ಮಾಡಿ ಆನ್ ಮಾಡುವುದು. ಅದರಲ್ಲಿ ತಪ್ಪೇನಿಲ್ಲ, ಅರ್ಧ ಸಲ ಅಷ್ಟಕ್ಕೇ ಸರಿಹೋಗುತ್ತದೆ. ಅದಾದ ಮೇಲೆ ಮಾಡುವ ಎರಡನೆಯ ಕೆಲಸವೇ ಎಡವಟ್ಟು: ಕಂಡಕಂಡ ಸೆಟ್ಟಿಂಗ್‌ಗೆಲ್ಲ ಕೈಹಾಕುವುದು. ಒಂದು ದೋಷ ಇದ್ದದ್ದು ಸಂಜೆಯೊಳಗೆ ಮೂರಾಗಿರುತ್ತದೆ. ತೋಟದ ಕೊನೆಯ ಸ್ಪ್ರಿಂಕ್ಲರ್‌ಗೆ ನೀರು ಬರದಿದ್ದರೆ ನಾವು ಮೋಟರ್ ಬಿಚ್ಚುವುದಿಲ್ಲ. ಒಂದೊಂದೇ ಗೇಟ್‌ವಾಲ್ವ್ ಹತ್ತಿರ ನಿಂತು ಇಲ್ಲಿವರೆಗೆ ಬಂದಿದೆಯೇ ಎಂದು ನೋಡುತ್ತೇವೆ. ಇಲ್ಲೂ ಅಷ್ಟೇ ಕೆಲಸ.

ಮುಂದೆ ಬರೆದಿರುವುದೆಲ್ಲ ವಿಂಡೋಸ್ 10 ಮತ್ತು 11ಕ್ಕೆ. ಫೋನ್ ಸಿಕ್ಕಿಸಿರುವುದನ್ನು ಮೇಲಿನ ಕಂಪ್ಯೂಟರ್, ಲ್ಯಾನ್ ಕೇಬಲ್‌ನ ಇನ್ನೊಂದು ತುದಿಯಲ್ಲಿರುವುದನ್ನು ಕೆಳಗಿನ ಕಂಪ್ಯೂಟರ್ ಎನ್ನುತ್ತೇನೆ.

ಮೊದಲು ಫೋನ್

ಮೇಲಿನ ಕಂಪ್ಯೂಟರ್‌ನಲ್ಲೇ ಇಂಟರ್ನೆಟ್ ಬರುತ್ತಿದೆಯೇ ನೋಡಿ. ಬರುತ್ತಿಲ್ಲವೆಂದರೆ ಕೆಳಗಿನದನ್ನು ಮುಟ್ಟಲೇಬೇಡಿ, ದೋಷ ಅಲ್ಲಿಲ್ಲ.

ಇಲ್ಲಿ ಎಲ್ಲಕ್ಕಿಂತ ಹೆಚ್ಚು ಜನ ಮೋಸಹೋಗುವುದು ದಿನದ ಡೇಟಾ ಮಿತಿಯಲ್ಲಿ. ದಿನಕ್ಕೆ ಒಂದೂವರೆ ಅಥವಾ ಎರಡು ಜಿಬಿಯ ಪ್ಯಾಕ್ ಮುಗಿದ ಮೇಲೆ ಕಂಪನಿಗಳು ಸಂಪರ್ಕವನ್ನು ಕಡಿಯುವುದಿಲ್ಲ, ವೇಗವನ್ನು 64 ಕೆಬಿಪಿಎಸ್‌ಗೆ ಇಳಿಸಿಬಿಡುತ್ತವೆ. ಫೋನಿನಲ್ಲಿ ಸಿಗ್ನಲ್ ತುಂಬಾ ಇರುತ್ತದೆ, ವಾಟ್ಸಾಪ್‌ನ ಒಂದೆರಡು ಸಾಲಿನ ಮೆಸೇಜೂ ಹೋಗುತ್ತದೆ, ಕಂಪ್ಯೂಟರ್‌ನಲ್ಲಿ ಮಾತ್ರ ಒಂದು ಪುಟವೂ ತೆರೆಯುವುದಿಲ್ಲ. ಆಗ ಕೆಳಗಿನವರು "ಲೈನ್ ಹೋಯ್ತು" ಎಂದು ಕೂಗುತ್ತಾರೆ. ಲೈನ್ ಎಲ್ಲಿಗೂ ಹೋಗಿರುವುದಿಲ್ಲ. ಆದ್ದರಿಂದ ಯಾವ ಕೇಬಲ್ ಮುಟ್ಟುವ ಮೊದಲೂ ಕಂಪನಿಯ ಆ್ಯಪ್ ತೆರೆದು ಇವತ್ತಿನ ಡೇಟಾ ಎಷ್ಟು ಉಳಿದಿದೆ ಎಂದು ನೋಡಿಬಿಡಿ.

ಡೇಟಾ ತಿಂದವರು ಯಾರು ಎಂಬುದೂ ತಿಳಿದ ವಿಷಯವೇ. ಲ್ಯಾನ್ ಕೇಬಲ್‌ನಲ್ಲಿ ಬರುವ ಇಂಟರ್ನೆಟ್ಟಿಗೆ ಮಿತಿ ಇರುವುದಿಲ್ಲ ಎಂದೇ ವಿಂಡೋಸ್‌ನ ಲೆಕ್ಕ. ಆ ಕೇಬಲ್‌ನ ಹಿಂದೆ ಇರುವುದು ಕಿಟಕಿಯಲ್ಲಿಟ್ಟ ಫೋನ್ ಎಂದು ಅದಕ್ಕೆ ಗೊತ್ತಿಲ್ಲ. ಅಪ್‌ಡೇಟ್, ಒನ್‌ಡ್ರೈವ್ ಎಂದು ಬೆಳಗಾಗುವುದರೊಳಗೆ ಇಡೀ ದಿನದ್ದನ್ನು ಖಾಲಿ ಮಾಡುತ್ತದೆ. ಎರಡೂ ಕಂಪ್ಯೂಟರ್‌ಗಳಲ್ಲಿ ಸೆಟ್ಟಿಂಗ್ಸ್ ತೆರೆದು ನೆಟ್‌ವರ್ಕ್ ವಿಭಾಗದಲ್ಲಿ ಈಥರ್ನೆಟ್ ಒತ್ತಿ, ಮೀಟರ್ಡ್ ಕನೆಕ್ಷನ್ ಎಂಬುದನ್ನು ಆನ್ ಮಾಡಿ. ಎರಡರಲ್ಲೂ ಮಾಡಬೇಕು, ಮೇಲಿನದರಲ್ಲಿ ಮಾಡಿದ್ದು ಕೆಳಗಿನದಕ್ಕೆ ತಾನಾಗಿ ಅನ್ವಯವಾಗುವುದಿಲ್ಲ.

ಡೇಟಾ ಇದ್ದೂ ಮೇಲಿನ ಕಂಪ್ಯೂಟರ್‌ಗೆ ಇಂಟರ್ನೆಟ್ ಇಲ್ಲವೆಂದರೆ ಯುಎಸ್‌ಬಿ ಟೆದರಿಂಗ್ (ಫೋನಿನ ಇಂಟರ್ನೆಟ್ಟನ್ನು ಕೇಬಲ್ ಮೂಲಕ ಕಂಪ್ಯೂಟರ್‌ಗೆ ಕೊಡುವ ಫೋನಿನ ಸೆಟ್ಟಿಂಗ್) ಆಫ್ ಆಗಿರುತ್ತದೆ. ಫೋನ್ ರೀಸ್ಟಾರ್ಟ್ ಆದಾಗ, ಕೇಬಲ್ ಅಲುಗಾಡಿದಾಗ, ಕರೆಂಟ್ ಹೋಗಿ ಬಂದು ಕಂಪ್ಯೂಟರ್ ಆಫ್ ಆದಾಗ ಅದು ಆಫ್ ಆಗುತ್ತದೆ, ಮತ್ತೆ ನಾವೇ ಹತ್ತಿ ಹೋಗಿ ಆನ್ ಮಾಡಬೇಕು. ಹೊಸ ಆಂಡ್ರಾಯ್ಡ್ ಫೋನ್‌ಗಳಲ್ಲಿ ಇದಕ್ಕೊಂದು ಉಪಾಯವಿದೆ. ಅಬೌಟ್ ಫೋನ್‌ನಲ್ಲಿ ಬಿಲ್ಡ್ ನಂಬರ್ ಮೇಲೆ ಏಳು ಸಲ ಒತ್ತಿದರೆ ಡೆವಲಪರ್ ಆಪ್ಷನ್ಸ್ ಬರುತ್ತದೆ. ಅದರೊಳಗೆ ಡೀಫಾಲ್ಟ್ ಯುಎಸ್‌ಬಿ ಕಾನ್ಫಿಗರೇಷನ್ ಎಂಬಲ್ಲಿ ಯುಎಸ್‌ಬಿ ಟೆದರಿಂಗ್ ಆರಿಸಿಟ್ಟರೆ ಕೇಬಲ್ ಸಿಕ್ಕಿಸಿದ ಕೂಡಲೇ ತಾನೇ ಶುರುವಾಗುತ್ತದೆ. ಟೆದರಿಂಗ್ ಬಟನ್ನೇ ಒತ್ತಲು ಬರದಂತೆ ಮಸುಕಾಗಿದ್ದರೆ ಅದು ಬರೀ ಚಾರ್ಜಿಂಗ್ ಕೇಬಲ್ ಇರಬಹುದು. ಅಗ್ಗದ ಕೇಬಲ್‌ಗಳಲ್ಲಿ ಡೇಟಾ ತಂತಿಗಳೇ ಇರುವುದಿಲ್ಲ. ಫೋನಿನ ಜೊತೆ ಬಂದ ಕೇಬಲ್ ಹಾಕಿ ನೋಡಿ.

ಕೇಬಲ್ ಮತ್ತು ಅದರ ದೀಪ

ಮೇಲೆ ಸರಿಯಿದೆ, ಕೆಳಗೆ ಮಾತ್ರ ಇಲ್ಲ. ಈಗ ಲ್ಯಾನ್ ಕೇಬಲ್ ಸಿಕ್ಕಿಸಿರುವ ಪೋರ್ಟ್ ನೋಡಿ, ಎರಡೂ ಕಡೆ. ಅಲ್ಲೊಂದು ಪುಟ್ಟ ದೀಪ ಹಸಿರಿನದೋ ಹಳದಿಯದೋ ಇರುತ್ತದೆ. ಎರಡೂ ಕಂಪ್ಯೂಟರ್ ಆನ್ ಇದ್ದೂ ಎರಡೂ ತುದಿಯಲ್ಲಿ ದೀಪ ಸತ್ತಿದ್ದರೆ ಅದು ಸೆಟ್ಟಿಂಗ್ ಸಮಸ್ಯೆಯಲ್ಲ, ತಂತಿಯದು ಅಥವಾ ಪೋರ್ಟಿನದು. ವಿಂಡೋಸ್ ಕೂಡ "ನೆಟ್‌ವರ್ಕ್ ಕೇಬಲ್ ಅನ್‌ಪ್ಲಗ್ಡ್" ಎಂದು ತೋರಿಸುತ್ತಿರುತ್ತದೆ. ಬೇರೊಂದು ಚಿಕ್ಕ ಕೇಬಲ್ ಹಾಕಿ ಎರಡನ್ನೂ ಪಕ್ಕಪಕ್ಕ ಇಟ್ಟು ಪರೀಕ್ಷಿಸಿದರೆ ಐದು ನಿಮಿಷದಲ್ಲಿ ತೀರ್ಮಾನ.

ಅಟ್ಟದ ಮೇಲಿಂದ ಎಳೆದ ಕೇಬಲ್ ಆದರೆ ಮೊದಲ ಅನುಮಾನ ಇಲಿಯ ಮೇಲೆ. ಎರಡನೆಯದು ತುದಿಯ ಪ್ಲಾಸ್ಟಿಕ್ ಕನೆಕ್ಟರ್ ಮೇಲೆ. ಅದರ ಚಿಕ್ಕ ನಾಲಗೆ ಮುರಿದಿದ್ದರೆ ಕೇಬಲ್ ಒಳಗೆ ಕೂತಂತೆ ಕಾಣುತ್ತದೆ, ಕೂತಿರುವುದಿಲ್ಲ. ಹೊಸ ಕನೆಕ್ಟರ್ ಹಾಕುವವರಿಗೆ ತಂತಿಗಳ ಸಾಲು: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ನಾಲಗೆ ಕೆಳಮುಖವಾಗಿ, ತಾಮ್ರದ ಹಲ್ಲುಗಳು ಮೇಲೆ ಕಾಣುವಂತೆ ಹಿಡಿದಾಗ ಎಡದಿಂದ ಬಲಕ್ಕೆ ಈ ಕ್ರಮ. ಎರಡೂ ತುದಿಗೆ ಇದೇ ಇರಲಿ. ಬಹಳ ಹಳೆಯ ಎರಡು ಕಂಪ್ಯೂಟರ್‌ಗಳನ್ನು ನೇರ ಸೇರಿಸುವಾಗ ತಂತಿ ಅದಲುಬದಲಾದ ಕ್ರಾಸ್‌ಓವರ್ ಕೇಬಲ್ ಬೇಕಾಗುತ್ತಿತ್ತು. ಗಿಗಾಬಿಟ್ ಪೋರ್ಟ್ ಇರುವ ಯಂತ್ರಗಳಿಗೆ ಬೇಡ, ಅವು ತಾವೇ ಹೊಂದಿಸಿಕೊಳ್ಳುತ್ತವೆ.

ಗಿಗಾಬಿಟ್ ವೇಗಕ್ಕೆ ಎಂಟೂ ತಂತಿ ಬೇಕು. 100 ಎಂಬಿಪಿಎಸ್‌ಗೆ ನಾಲ್ಕು ಸಾಕು. ಹಾಗಾಗಿ ಒಂದು ತಂತಿ ಕಡಿದರೂ ಕೆಲವೊಮ್ಮೆ ಕೇಬಲ್ ಕೆಲಸ ಮಾಡುತ್ತದೆ, ವೇಗ ಮಾತ್ರ 100ಕ್ಕೆ ಬಿದ್ದಿರುತ್ತದೆ. ಫೋನ್ ಡೇಟಾ ಹಂಚಿಕೊಳ್ಳುವವರಿಗೆ 100 ಧಾರಾಳ, ಅದಕ್ಕಾಗಿ ಗೋಡೆ ಒಡೆಯಬೇಡಿ.

ಸಿಡಿಲಿನ ಮಾತೊಂದು ಇಲ್ಲೇ ಹೇಳಬೇಕು. ಏಪ್ರಿಲ್-ಮೇ ಗುಡುಗಿನ ಸಂಜೆಗಳಲ್ಲಿ, ಮುಖ್ಯವಾಗಿ ಒಂದು ಕಟ್ಟಡದಿಂದ ಇನ್ನೊಂದಕ್ಕೆ ಹೊರಗಿನಿಂದ ಎಳೆದ ತಾಮ್ರದ ಲ್ಯಾನ್ ಕೇಬಲ್ ಇದ್ದರೆ, ಪ್ಲಗ್ ಕಿತ್ತರಷ್ಟೇ ಸಾಲದು, ಲ್ಯಾನ್ ಕೇಬಲನ್ನೂ ಕಿತ್ತಿಡಿ. ಯಂತ್ರವೆಲ್ಲ ಸರಿಯಿದ್ದು ಲ್ಯಾನ್ ಪೋರ್ಟ್ ಮಾತ್ರ ಸುಟ್ಟುಹೋಗುವುದು ನಮ್ಮ ಕಡೆ ಮಾಮೂಲು. ಹಾಗಾದರೆ ಮದರ್‌ಬೋರ್ಡ್ ಬದಲಿಸುವ ಅಗತ್ಯವಿಲ್ಲ. ಯುಎಸ್‌ಬಿಗೆ ಹಾಕುವ ಲ್ಯಾನ್ ಅಡಾಪ್ಟರ್ ಸಿಗುತ್ತದೆ, ಕೆಲಸ ನಡೆಯುತ್ತದೆ.

ವಿಳಾಸ ನೋಡುವುದು

ಮುಕ್ಕಾಲು ಪಾಲು ಉತ್ತರ ಈ ಒಂದು ಹಂತದಲ್ಲೇ ಸಿಗುತ್ತದೆ, ಆದ್ದರಿಂದ ನಿಧಾನ ಮಾಡಿ.

ಕೆಳಗಿನ ಕಂಪ್ಯೂಟರ್‌ನಲ್ಲಿ ವಿಂಡೋಸ್ ಕೀ ಮತ್ತು ಆರ್ ಒಟ್ಟಿಗೆ ಒತ್ತಿ, ಸಿಎಂಡಿ ಎಂದು ಟೈಪ್ ಮಾಡಿ ಎಂಟರ್ ಕೊಡಿ. ಕಪ್ಪು ಕಿಟಕಿ ತೆರೆಯುತ್ತದೆ. ಐಪಿಕಾನ್ಫಿಗ್ (ipconfig) ಎಂದು ನಡುವೆ ಜಾಗ ಬಿಡದೆ ಇಂಗ್ಲಿಷಿನಲ್ಲಿ ಬರೆದು ಎಂಟರ್ ಒತ್ತಿ. ಉದ್ದ ಪಟ್ಟಿ ಬರುತ್ತದೆ. ಅದರಲ್ಲಿ ಈಥರ್ನೆಟ್ ಅಡಾಪ್ಟರ್ ಎಂಬುದರ ಕೆಳಗೆ ಎರಡೇ ಸಾಲು ನೋಡಿದರೆ ಸಾಕು: ಐಪಿವಿ4 ಅಡ್ರೆಸ್ (ಈ ಕಂಪ್ಯೂಟರ್‌ನ ವಿಳಾಸ), ಡೀಫಾಲ್ಟ್ ಗೇಟ್‌ವೇ (ಇದಕ್ಕೆ ಇಂಟರ್ನೆಟ್ ಕೊಡುವ ಯಂತ್ರದ ವಿಳಾಸ).

ಅಡ್ರೆಸ್ 192.168.137 ಎಂದು ಶುರುವಾಗಿ, ಗೇಟ್‌ವೇ 192.168.137.1 ಇದ್ದರೆ ಮೇಲಿನ ಕಂಪ್ಯೂಟರ್ ಹಂಚಿಕೆಯ ಕೆಲಸ ಮಾಡುತ್ತಿದೆ ಎಂದರ್ಥ. ವಿಂಡೋಸ್ ತನ್ನ ಇಂಟರ್ನೆಟ್ ಕನೆಕ್ಷನ್ ಶೇರಿಂಗ್‌ಗೆ ಬಳಸುವುದು ಈ ಸರಣಿಯನ್ನೇ. (ಮೇಲೆ ಉಬುಂಟು ಇದ್ದರೆ 10.42.0.1, ಮ್ಯಾಕ್ ಇದ್ದರೆ 192.168.2.1 ಕಾಣಬಹುದು. ಗಾಬರಿ ಬೇಡ.)

ಅಡ್ರೆಸ್ 169.254 ಎಂದು ಶುರುವಾಗಿದ್ದರೆ, ಕೆಳಗಿನ ಕಂಪ್ಯೂಟರ್ "ನನಗೊಂದು ವಿಳಾಸ ಕೊಡಿ" ಎಂದು ಕೇಳಿದೆ, ಯಾರೂ ಓಗೊಟ್ಟಿಲ್ಲ, ಕೊನೆಗೆ ತಾನೇ ಒಂದನ್ನು ಹಾಕಿಕೊಂಡಿದೆ. ಇದರಿಂದ ಎರಡು ವಿಷಯ ತಿಳಿಯುತ್ತದೆ. ಕೇಬಲ್ ಸಿಕ್ಕಿಸಿರುವುದು ಅದಕ್ಕೆ ಗೊತ್ತಾಗಿದೆ. ಮೇಲೆ ಹಂಚಿಕೆ ನಿಂತಿದೆ ಅಥವಾ ಯಾವುದೋ ಫೈರ್‌ವಾಲ್ (ಒಳಗೆ ಹೊರಗೆ ಹೋಗುವುದನ್ನು ಕಾಯುವ ಪ್ರೋಗ್ರಾಂ) ತಡೆಯುತ್ತಿದೆ.

ಅಡ್ರೆಸ್ 192.168.1 ಅಥವಾ ಬೇರೇನೋ ಇದ್ದು ಅಲ್ಲಾಡದೆ ಕೂತಿದ್ದರೆ, ಹಿಂದೆ ಯಾವಾಗಲೋ ಯಾರೋ ಕೈಯಿಂದ ತುಂಬಿದ ವಿಳಾಸ ಅದು. ಆಫೀಸಿನಿಂದ ತಂದ ಹಳೆಯ ಕಂಪ್ಯೂಟರ್‌ಗಳಲ್ಲಿ ಇದು ಸಾಮಾನ್ಯ. ವಿಂಡೋಸ್ ಕೀ ಮತ್ತು ಆರ್ ಒತ್ತಿ ಎನ್‌ಸಿಪಿಎ, ಚುಕ್ಕೆ, ಸಿಪಿಎಲ್ ಎಂದು ಬರೆದರೆ ನೆಟ್‌ವರ್ಕ್ ಕನೆಕ್ಷನ್ಸ್ ತೆರೆಯುತ್ತದೆ. ಈಥರ್ನೆಟ್ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ಇಂಟರ್ನೆಟ್ ಪ್ರೋಟೋಕಾಲ್ ವರ್ಶನ್ 4, ಮತ್ತೆ ಪ್ರಾಪರ್ಟೀಸ್. ಆ ಕಿಟಕಿಯ ಮೇಲಿನ, ಕೆಳಗಿನ ಎರಡೂ ಆಯ್ಕೆಗಳಲ್ಲಿ ಆಟೋಮ್ಯಾಟಿಕಲಿ ಎಂಬುದನ್ನು ಆರಿಸಿ ಓಕೆ ಕೊಡಿ.

ಮೇಲಿನ ಕಂಪ್ಯೂಟರ್‌ನ ಹಂಚಿಕೆ

169.254 ಕಂಡವರು ಈಗ ಉಪ್ಪರಿಗೆ ಹತ್ತಬೇಕು. ಅಲ್ಲೂ ಅದೇ ನೆಟ್‌ವರ್ಕ್ ಕನೆಕ್ಷನ್ಸ್ ಕಿಟಕಿ ತೆರೆಯಿರಿ. ಎರಡು ಮೂರು ಐಕಾನ್ ಇರುತ್ತವೆ: ಈಥರ್ನೆಟ್, ಈಥರ್ನೆಟ್ 3, ವೈ-ಫೈ ಹೀಗೆ. ಯಾವುದು ಫೋನ್, ಯಾವುದು ಕೆಳಗೆ ಹೋಗುವ ಕೇಬಲ್ ಎಂದು ಹೆಸರಿನಿಂದ ತಿಳಿಯುವುದಿಲ್ಲ. ಐಕಾನ್ ಕೆಳಗೆ ಸಣ್ಣಕ್ಷರದಲ್ಲಿ ರಿಮೋಟ್ ಎನ್‌ಡಿಐಎಸ್ ಎಂದಿದ್ದರೆ ಅದು ಫೋನ್. ಸಂಶಯವಿದ್ದರೆ ಟೆದರಿಂಗ್ ಆಫ್ ಮಾಡಿ, ಮಾಯವಾದದ್ದೇ ಫೋನ್. ಗುರುತು ಸಿಕ್ಕ ಕೂಡಲೇ ಎಫ್2 ಒತ್ತಿ ಹೆಸರು ಬದಲಿಸಿ, ಒಂದಕ್ಕೆ ಫೋನ್, ಇನ್ನೊಂದಕ್ಕೆ ಕೆಳಮನೆ. ಮುಂದಿನ ಸಲ ಕೆಟ್ಟಾಗ ನಿಮಗೇ ಅನುಕೂಲ.

ಈಗ ಫೋನ್ ಎಂಬುದರ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ಶೇರಿಂಗ್ ಟ್ಯಾಬ್. ಹಂಚಿಕೆಯನ್ನು ಆನ್ ಮಾಡಬೇಕಾದ್ದು ಇಂಟರ್ನೆಟ್ ಯಾವುದರಿಂದ ಒಳಗೆ ಬರುತ್ತದೋ ಅದರ ಮೇಲೆ, ಹೊರಗೆ ಕೊಡುವುದರ ಮೇಲಲ್ಲ. ಹತ್ತರಲ್ಲಿ ಆರು ಜನ ಇದನ್ನು ತಿರುಗಾಮುರುಗಾ ಮಾಡಿರುತ್ತಾರೆ ಎಂದು ನನ್ನ ಅಂದಾಜು. ಶೇರಿಂಗ್ ಟ್ಯಾಬ್ ಕಾಣದೇ ಇದ್ದರೆ ವಿಂಡೋಸ್‌ಗೆ ಒಂದೇ ಅಡಾಪ್ಟರ್ ಕಾಣುತ್ತಿದೆ, ಹಂಚಲು ಎರಡನೆಯದು ಇಲ್ಲ. ಕೇಬಲ್ ಕಡೆಗೆ ಮರಳಿ ಹೋಗಿ.

ಮೊದಲ ಚೌಕದಲ್ಲಿ ಟಿಕ್ ಇದ್ದರೆ ತೆಗೆದು ಓಕೆ ಕೊಡಿ. ಮತ್ತೆ ತೆರೆದು ಟಿಕ್ ಹಾಕಿ, ಅದರ ಕೆಳಗಿನ ಪಟ್ಟಿಯಲ್ಲಿ ಕೆಳಮನೆ ಆರಿಸಿ, ಓಕೆ. ಬರೀ ನೋಡಿ ಟಿಕ್ ಇದೆಯಲ್ಲ ಎಂದು ಬಿಡಬೇಡಿ, ತೆಗೆದು ಹಾಕಿದಾಗಲೇ ಕೆಳಮನೆಯ ಅಡಾಪ್ಟರ್‌ಗೆ 192.168.137.1 ಮತ್ತೆ ಕೂರುವುದು. ಫೋನನ್ನು ಬೇರೆ ಯುಎಸ್‌ಬಿ ಪೋರ್ಟಿಗೆ ಸಿಕ್ಕಿಸಿದಾಗ ಅದು ಈಥರ್ನೆಟ್ 4, 5 ಎಂದು ಹೊಸ ಹೆಸರಲ್ಲಿ ಬರುವುದುಂಟು. ಹಂಚಿಕೆ ಮಾತ್ರ ಹಳೆಯದರ ಮೇಲೇ ಉಳಿದಿರುತ್ತದೆ. ಆದ್ದರಿಂದ ಫೋನಿಗೆ ಒಂದೇ ಪೋರ್ಟ್ ಖಾಯಂ ಮಾಡಿ, ಮೇಲೊಂದು ಸ್ಟಿಕರ್ ಹಚ್ಚಿಬಿಡಿ.

ಕೆಳಗೆ ಬಂದು ಕಪ್ಪು ಕಿಟಕಿಯಲ್ಲಿ ಐಪಿಕಾನ್ಫಿಗ್ ಬರೆದು ಜಾಗ ಬಿಟ್ಟು ಓರೆಗೆರೆ (/) ಹಾಕಿ ರಿನ್ಯೂ ಎಂದು ಸೇರಿಸಿ ಎಂಟರ್ ಕೊಡಿ. ಹೊಸ ವಿಳಾಸ ಸಿಗಬೇಕು.

ಇನ್ನೂ 169.254 ಎನ್ನುತ್ತಿದ್ದರೆ ಒಂದು ಪರೀಕ್ಷೆ ಮಾಡಿ. ಕೆಳಗಿನ ಕಂಪ್ಯೂಟರ್‌ಗೆ ಕೈಯಿಂದಲೇ ತುಂಬಿ: ವಿಳಾಸ 192.168.137.50, ಸಬ್‌ನೆಟ್ ಮಾಸ್ಕ್ 255.255.255.0, ಗೇಟ್‌ವೇ 192.168.137.1, ಡಿಎನ್‌ಎಸ್ 8.8.8.8. ಆಗ ಇಂಟರ್ನೆಟ್ ಬಂದರೆ ದಾರಿ ಸರಿಯಿದೆ, ವಿಳಾಸ ಹಂಚುವ ಭಾಗ ಮಾತ್ರ ಕೆಲಸ ಮಾಡುತ್ತಿಲ್ಲ. ಹೆಚ್ಚಿನಂಶ ಮೇಲಿನ ಕಂಪ್ಯೂಟರ್‌ನ ಆ್ಯಂಟಿವೈರಸ್ ಜೊತೆ ಬಂದ ಫೈರ್‌ವಾಲ್‌ನ ಕಿತಾಪತಿ. ಅದನ್ನು ಹತ್ತು ನಿಮಿಷ ನಿಲ್ಲಿಸಿ ನೋಡಿ, ಸಾಬೀತಾದರೆ ವಿಂಡೋಸ್‌ನದೇ ಡಿಫೆಂಡರ್ ಇಟ್ಟುಕೊಂಡು ಆ ಆ್ಯಂಟಿವೈರಸ್ಸನ್ನೇ ಕಿತ್ತುಹಾಕುವುದು ಒಳ್ಳೆಯದು. ಕೈಯಿಂದ ತುಂಬಿದ ವಿಳಾಸವನ್ನೇ ಹಾಗೇ ಇಟ್ಟರೂ ನಡೆಯುತ್ತದೆ, ಆದರೆ ನಾಳೆ ಆ ಲ್ಯಾಪ್‌ಟಾಪನ್ನು ಬೇರೆ ಮನೆಗೆ ಕೊಂಡೊಯ್ದು ಕೇಬಲ್ ಹಾಕಿದರೆ ಅಲ್ಲಿ ಇಂಟರ್ನೆಟ್ ಬರುವುದಿಲ್ಲ.

ಪಿಂಗ್

ವಿಳಾಸ ಸರಿಯಿದೆ, ಪುಟ ಮಾತ್ರ ತೆರೆಯುತ್ತಿಲ್ಲ ಎನ್ನುವವರಿಗೆ ಇದು. ಪಿಂಗ್ ಎಂದರೆ ಆಚೆ ತುದಿಯನ್ನು ಕೂಗಿ, ಓಗೊಡುತ್ತದೆಯೇ ಎಂದು ನೋಡುವ ಕಮಾಂಡ್. ಕೆಳಗಿನ ಕಂಪ್ಯೂಟರ್‌ನ ಕಪ್ಪು ಕಿಟಕಿಯಲ್ಲಿ ಪಿಂಗ್ ಬರೆದು ಜಾಗ ಬಿಟ್ಟು 192.168.137.1 ಹಾಕಿ. ರಿಪ್ಲೈ ಬಂದರೆ ಮೇಲಿನವರೆಗೆ ದಾರಿ ಇದೆ. ರಿಕ್ವೆಸ್ಟ್ ಟೈಮ್ಡ್ ಔಟ್ ಎಂದರೆ ಕೂಡಲೇ ಕೇಬಲ್ ಕೆಟ್ಟಿದೆ ಎನ್ನಬೇಡಿ. ವಿಂಡೋಸ್‌ನ ಫೈರ್‌ವಾಲ್ ಪಬ್ಲಿಕ್ ಎಂದು ಗುರುತಿಸಿದ ನೆಟ್‌ವರ್ಕ್‌ನಲ್ಲಿ ಪಿಂಗ್‌ಗೆ ಉತ್ತರಿಸುವುದಿಲ್ಲ, ಹಂಚಿಕೆ ಮಾತ್ರ ನಡೆದಿರುತ್ತದೆ. ಡೆಸ್ಟಿನೇಷನ್ ಹೋಸ್ಟ್ ಅನ್‌ರೀಚಬಲ್ ಎಂದು ಬಂದರೆ ಮಾತ್ರ ಆಚೆ ತುದಿ ಸಿಗುತ್ತಲೇ ಇಲ್ಲ.

ಮುಂದೆ ಪಿಂಗ್ 8.8.8.8 (ಇಂಟರ್ನೆಟ್‌ನಲ್ಲಿರುವ ಗೂಗಲ್‌ನ ಒಂದು ವಿಳಾಸ). ಇದಕ್ಕೆ ಉತ್ತರ ಬಂದು, ಗೂಗಲ್ ಡಾಟ್ ಕಾಮ್‌ಗೆ ಪಿಂಗ್ ಮಾಡಿದಾಗ ಕುಡ್ ನಾಟ್ ಫೈಂಡ್ ಹೋಸ್ಟ್ ಎಂದರೆ ಇಂಟರ್ನೆಟ್ ಇದೆ, ಹೆಸರನ್ನು ವಿಳಾಸವಾಗಿ ಬದಲಿಸುವ ಡಿಎನ್‌ಎಸ್ ಕೈಕೊಟ್ಟಿದೆ. ಕೆಳಗಿನದರಲ್ಲಿ ಡಿಎನ್‌ಎಸ್ ಮಾತ್ರ 8.8.8.8 ಮತ್ತು 1.1.1.1 ಎಂದು ಕೈಯಿಂದ ತುಂಬಿ. ವಿಳಾಸ ಆಟೋಮ್ಯಾಟಿಕ್ ಆಗಿಯೇ ಇರಲಿ.

ಎರಡೂ ಪಿಂಗ್ ಸರಿ, ಬ್ರೌಸರ್ ಮಾತ್ರ ಹಟ ಮಾಡುತ್ತಿದ್ದರೆ ಮೂಲೆಯ ಗಡಿಯಾರ ನೋಡಿ. ವರ್ಷಗಟ್ಟಲೆ ಮೂಲೆ ಸೇರಿದ್ದ ಡೆಸ್ಕ್‌ಟಾಪ್‌ನ ಸಿಆರ್2032 ಬ್ಯಾಟರಿ ಸತ್ತು ತಾರೀಖು ಎಲ್ಲೋ ಹಿಂದಕ್ಕೆ ಹೋಗಿರುತ್ತದೆ, ಸುರಕ್ಷಿತ ಪುಟಗಳೆಲ್ಲ ಎಚ್ಚರಿಕೆ ಕೊಡುತ್ತವೆ. ತಾರೀಖು ಸರಿಮಾಡಿ, ಬ್ಯಾಟರಿ ಬದಲಿಸಿ; ಗಡಿಯಾರದ ಅಂಗಡಿಯಲ್ಲೂ ಸಿಗುತ್ತದೆ. ಇನ್ನೊಂದು ಕಾರಣ ಆಫೀಸಿನವರು ಹಾಕಿಟ್ಟ ಪ್ರಾಕ್ಸಿ, ಅಂದರೆ ಇಂಟರ್ನೆಟ್ಟನ್ನು ನಡುವಿನ ಇನ್ನೊಂದು ಕಂಪ್ಯೂಟರ್ ಮೂಲಕ ಕಳಿಸುವ ಸೆಟ್ಟಿಂಗ್. ಸೆಟ್ಟಿಂಗ್ಸ್‌ನ ನೆಟ್‌ವರ್ಕ್ ವಿಭಾಗದಲ್ಲಿ ಅದನ್ನು ಆಫ್ ಮಾಡಿ.

ಕೆಲವು ತಾಣ ತೆರೆಯುತ್ತವೆ, ಕೆಲವು ಅರ್ಧಕ್ಕೆ ನಿಲ್ಲುತ್ತವೆ ಎಂಬುದು ಬೇರೆಯೇ ರೋಗ. ಡೇಟಾ ತುಂಡುತುಂಡಾಗಿ ಹೋಗುವ ಒಂದೊಂದು ಪ್ಯಾಕೆಟ್‌ನ ಗಾತ್ರ ದಾರಿಗೆ ದೊಡ್ಡದಾಗಿರುತ್ತದೆ. ಪಿಂಗ್, ಮೈನಸ್ ಎಫ್, ಮೈನಸ್ ಎಲ್, 1472, 1.1.1.1 ಎಂದು ಪ್ರತಿಯೊಂದರ ನಡುವೆ ಜಾಗ ಬಿಟ್ಟು ಬರೆಯಿರಿ. (ಮೈನಸ್ ಮತ್ತು ಅಕ್ಷರದ ನಡುವೆ ಜಾಗ ಬೇಡ.) ಉತ್ತರ ಬಾರದಿದ್ದರೆ 1472ನ್ನು ಹತ್ತತ್ತು ಇಳಿಸುತ್ತ ಹೋಗಿ. ಉತ್ತರ ಬಂದ ಸಂಖ್ಯೆಗೆ 28 ಕೂಡಿಸಿದರೆ ಆ ದಾರಿಯ ಎಂಟಿಯು, ಅಂದರೆ ಅಲ್ಲಿ ಹೋಗಬಲ್ಲ ಅತಿ ದೊಡ್ಡ ಪ್ಯಾಕೆಟ್‌ನ ಗಾತ್ರ. ಮೇಲಿನಿಂದ ಹಂಚುವ ಕೇಬಲ್‌ನದು 1500 ಇದ್ದು ಫೋನಿನದು ಕಡಿಮೆ ಇದ್ದಾಗ ಹೀಗಾಗುತ್ತದೆ. ಕಪ್ಪು ಕಿಟಕಿಯನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ನೆಟ್‌ಶ್ ಇಂಟರ್‌ಫೇಸ್ ಐಪಿವಿ4 ಸೆಟ್ ಸಬ್‌ಇಂಟರ್‌ಫೇಸ್ (netsh interface ipv4 set subinterface) ಎಂಬ ಕಮಾಂಡ್‌ಗೆ ಅಡಾಪ್ಟರ್ ಹೆಸರನ್ನು ಉದ್ಧರಣ ಚಿಹ್ನೆಯೊಳಗೆ ಕೊಟ್ಟು, ಎಂಟಿಯು ಸಮ ಈಗ ಸಿಕ್ಕ ಸಂಖ್ಯೆ (ಉದಾಹರಣೆಗೆ mtu=1400), ಸ್ಟೋರ್ ಸಮ ಪರ್ಸಿಸ್ಟೆಂಟ್ (store=persistent) ಎಂದು ಸೇರಿಸಿದರೆ ಮುಗಿಯಿತು.

ರಾತ್ರಿ ಇತ್ತು, ಬೆಳಗ್ಗೆ ಇಲ್ಲ

ಎಲ್ಲ ಸರಿಮಾಡಿ ಮಲಗಿದ್ದೀರಿ, ಬೆಳಗ್ಗೆ ಎದ್ದು ಆನ್ ಮಾಡಿದರೆ ಮತ್ತೆ 169.254. ಇದು ನಿಮ್ಮ ತಪ್ಪಲ್ಲ, ವಿಂಡೋಸ್ 10ರ ನಡುವಿನ ಆವೃತ್ತಿಯೊಂದರಿಂದ ಈಚೆಗೆ ಬಂದ ನಡವಳಿಕೆ. ನಾಲ್ಕು ನಿಮಿಷ ಹಂಚಿಕೆಯಲ್ಲಿ ಓಡಾಟವಿಲ್ಲದಿದ್ದರೆ ಆ ಸರ್ವಿಸ್ ತಾನೇ ನಿಂತುಬಿಡುತ್ತದೆ, ಕಂಪ್ಯೂಟರ್ ರೀಸ್ಟಾರ್ಟ್ ಆದ ಮೇಲೂ ತಾನಾಗಿ ಏಳುವುದಿಲ್ಲ. ದಿನಾ ಟಿಕ್ ತೆಗೆದು ಹಾಕುತ್ತ ಕೂರುವವರು ಎಷ್ಟೋ ಜನ. ಮೈಕ್ರೋಸಾಫ್ಟೇ ಹೇಳಿರುವ ಪರಿಹಾರ ಎರಡು ತುಂಡಿನದು, ಎರಡನ್ನೂ ಮೇಲಿನ ಕಂಪ್ಯೂಟರ್‌ನಲ್ಲಿ ಮಾಡಬೇಕು.

ಮೊದಲನೆಯದು: ವಿಂಡೋಸ್ ಕೀ ಮತ್ತು ಆರ್ ಒತ್ತಿ ಸರ್ವಿಸಸ್, ಚುಕ್ಕೆ, ಎಂಎಸ್‌ಸಿ ತೆರೆಯಿರಿ. ಇಂಟರ್ನೆಟ್ ಕನೆಕ್ಷನ್ ಶೇರಿಂಗ್ ಹುಡುಕಿ, ಸ್ಟಾರ್ಟಪ್ ಟೈಪ್ ಆಟೋಮ್ಯಾಟಿಕ್ ಮಾಡಿ.

ಎರಡನೆಯದು: ವಿಂಡೋಸ್‌ನ ಒಳಗಿನ ಸೆಟ್ಟಿಂಗ್‌ಗಳ ಕಡತವಾದ ರೆಜಿಸ್ಟ್ರಿಯನ್ನು ತಿದ್ದುವ ರೆಜ್‌ಎಡಿಟ್ (regedit) ತೆರೆದು ಎಚ್‌ಕೀ ಲೋಕಲ್ ಮಷೀನ್, ಸಾಫ್ಟ್‌ವೇರ್, ಮೈಕ್ರೋಸಾಫ್ಟ್, ವಿಂಡೋಸ್, ಕರೆಂಟ್‌ವರ್ಶನ್, ಶೇರ್ಡ್‌ಆ್ಯಕ್ಸೆಸ್ ಎಂದು ಒಂದೊಂದಾಗಿ ಒಳಗೆ ಹೋಗಿ. ಕೊನೆಯ ಫೋಲ್ಡರ್ ಇಲ್ಲದಿದ್ದರೆ ಹೊಸದಾಗಿ ಮಾಡಿ. ಬಲಗಡೆ ಖಾಲಿ ಜಾಗದಲ್ಲಿ ರೈಟ್ ಕ್ಲಿಕ್ ಮಾಡಿ ಹೊಸ 32 ಬಿಟ್ ಡಿವರ್ಡ್ ಸೃಷ್ಟಿಸಿ, ಎನೇಬಲ್ ರೀಬೂಟ್ ಪರ್ಸಿಸ್ಟ್ ಕನೆಕ್ಷನ್ ಎಂಬ ನಾಲ್ಕೂ ಪದಗಳನ್ನು ಜಾಗ ಬಿಡದೆ ಒಟ್ಟಿಗೆ ಬರೆದು ಹೆಸರಿಡಿ, ಬೆಲೆ 1 ಕೊಡಿ. ರೆಜಿಸ್ಟ್ರಿಯಲ್ಲಿ ಬೇರೆ ಯಾವುದನ್ನೂ ಮುಟ್ಟಬೇಡಿ. ರೀಸ್ಟಾರ್ಟ್ ಮಾಡಿ, ಹಂಚಿಕೆಯ ಟಿಕ್ ಒಮ್ಮೆ ತೆಗೆದು ಹಾಕಿ. ಮೇಲಿನ ಕಂಪ್ಯೂಟರ್ ನಿದ್ದೆಗೆ ಜಾರದಂತೆ ಪವರ್ ಸೆಟ್ಟಿಂಗ್‌ನಲ್ಲಿ ಸ್ಲೀಪ್ ನೆವರ್ ಎಂದೂ ಇಡಿ, ಅದು ಮಲಗಿದರೆ ಕೆಳಗಿನದಕ್ಕೂ ರಾತ್ರಿಯೇ.

ಫೈಬರ್ ಇರುವ ಮನೆಗೆ

ಇಲ್ಲಿ ಹೇಳುವುದು ಕಡಿಮೆ. ಗೋಡೆಯ ಪೆಟ್ಟಿಗೆಯಲ್ಲಿ ಎಲ್‌ಒಎಸ್ ದೀಪ ಕೆಂಪಾಗಿ ಮಿನುಗುತ್ತಿದ್ದರೆ ಫೈಬರ್‌ನಲ್ಲಿ ಬೆಳಕು ಬರುತ್ತಿಲ್ಲ. ಅಡಿಕೆ ಸೋಗೆ ಬಿದ್ದೋ, ಮಂಗ ಜೋತಾಡಿಯೋ ಎಲ್ಲೋ ತುಂಡಾಗಿದೆ. ಮನೆಯೊಳಗೆ ಮಾಡುವುದೇನೂ ಇಲ್ಲ, ಕೇಬಲ್‌ನವರಿಗೆ ಫೋನ್ ಮಾಡಿ "ಎಲ್‌ಒಎಸ್ ಕೆಂಪು ಇದೆ" ಎಂದೇ ಹೇಳಿ. ಆಗ ಅವರು ರೀಸ್ಟಾರ್ಟ್ ಮಾಡಿ ನೋಡಿ ಎನ್ನದೆ ನೇರ ಲೈನ್ ನೋಡಲು ಬರುತ್ತಾರೆ.

ದೂರದ ಕೋಣೆಗೆಂದು ನೀವೇ ಎರಡನೆಯ ರೌಟರ್ ತಂದು ಹಾಕಿದ ದಿನದಿಂದ ಮನೆಯ ಕಂಪ್ಯೂಟರ್‌ಗಳಿಗೆ ಒಮ್ಮೆ ಇಂಟರ್ನೆಟ್ ಇದ್ದು ಒಮ್ಮೆ ಇಲ್ಲದಿದ್ದರೆ, ಎರಡೂ ಪೆಟ್ಟಿಗೆಗಳು 192.168.1.1 ಎಂದು ಹೇಳಿಕೊಂಡು ಇಬ್ಬರೂ ವಿಳಾಸ ಹಂಚುತ್ತಿವೆ. ಎರಡನೆಯದರ ಸೆಟ್ಟಿಂಗ್ ಪುಟ ತೆರೆದು ಅದರ ವಿಳಾಸ 192.168.1.2 ಮಾಡಿ, ಡಿಎಚ್‌ಸಿಪಿ (ವಿಳಾಸ ಹಂಚುವ ಕೆಲಸ) ಆಫ್ ಮಾಡಿ, ಮೊದಲ ಪೆಟ್ಟಿಗೆಯಿಂದ ಬಂದ ಕೇಬಲನ್ನು ವ್ಯಾನ್ ಪೋರ್ಟಿಗಲ್ಲ, ಲ್ಯಾನ್ ಪೋರ್ಟಿಗೆ ಹಾಕಿ.

ಫೈಬರ್ ಬರುವ ಲಕ್ಷಣವೇ ಇಲ್ಲದ, ದಿನವಿಡೀ ಇಂಟರ್ನೆಟ್ ಬೇಕಾದ ಮನೆಯವರಿಗೆ ನನ್ನ ಸಲಹೆ: ಸಿಮ್ ಹಾಕುವ 4ಜಿ ರೌಟರ್ ಒಂದನ್ನು ಕೊಂಡು ಫೋನಿದ್ದ ಕಿಟಕಿಯಲ್ಲೇ ಇಡಿ, ಕೆಳಗೆ ಹೋಗುವ ಅದೇ ಲ್ಯಾನ್ ಕೇಬಲನ್ನು ಅದಕ್ಕೆ ಸಿಕ್ಕಿಸಿ. ಹಂಚಿಕೆಯ ಟಿಕ್, ರೆಜಿಸ್ಟ್ರಿ ಯಾವುದೂ ಬೇಡ. ಕೊಳ್ಳುವಾಗ ಹೊರಗಿನ ಆ್ಯಂಟೆನಾ ಹಾಕಲು ಜಾಗ ಇರುವ ಮಾದರಿಯನ್ನೇ ಕೇಳಿ, ಮತ್ತು ನಿಮ್ಮ ಸಿಮ್‌ನ ಪ್ಯಾಕ್ ರೌಟರ್‌ನಲ್ಲಿ ನಡೆಯುತ್ತದೆಯೇ ಎಂದು ಆ ಸಿಮ್ಮನ್ನು ಅಂಗಡಿಯಲ್ಲೇ ಹಾಕಿ ನೋಡಿ.